ಇನ್ನೂ ಬಾರದವರಿಗೆ ಎತ್ತಿಟ್ಟ ಪಾಲು

ಮನೆಗಳಿಗೆ ಇಂಟರ್ನೆಟ್ ಕೊಡೋ ನಮ್ಮ ನೆಟ್‌ವರ್ಕ್‌ಗೆ ಮೊದಲ ಸಲ ಸ್ವಂತ ಐಪಿ ವಿಳಾಸ, ಅಂದ್ರೆ ಇಂಟರ್ನೆಟ್‌ನಲ್ಲಿ ಗುರುತಿಗೆ ಬೇಕಾದ ನಂಬರ್, ಸಿಕ್ಕಾಗ ಬಂದಿದ್ದು ಒಟ್ಟು 1,024. ಅಲ್ಲೀವರೆಗೂ ಮೇಲಿನ ಪ್ರೊವೈಡರ್ ಕೊಟ್ಟಿದ್ದ 64 ವಿಳಾಸದಲ್ಲೇ ಸಂಸಾರ ನಡೀತಿತ್ತು, ನ್ಯಾಟ್ ಅನ್ನೋ ತಂತ್ರ ಹಾಕಿ ಒಂದೊಂದು ವಿಳಾಸದ ಹಿಂದೆ ಎಪ್ಪತ್ತು ಎಂಬತ್ತು ಮನೆಗಳನ್ನ ಕೂರಿಸಿದ್ವಿ, ಅದ್ರಲ್ಲಿ ಯಾರೋ ಒಬ್ಬರ ಕಂಪ್ಯೂಟರ್‌ಗೆ ವೈರಸ್ ಹತ್ತಿ ಸ್ಪ್ಯಾಮ್ ಹೋಗೋಕೆ ಶುರುವಾದ್ರೆ ಆ ವಿಳಾಸ ಬ್ಲಾಕ್‌ಲಿಸ್ಟ್ ಸೇರಿ, ಏನೂ ತಪ್ಪು ಮಾಡದ ಉಳಿದವರಿಗೆಲ್ಲ ಎಷ್ಟೋ ಸೈಟು ತೆರೀತಾನೇ ಇರ್ಲಿಲ್ಲ. ಪ್ರೊವೈಡರ್ ಬದಲಾಯಿಸೋಣ ಅಂದ್ರೆ ವಿಳಾಸ ಅವ್ರದ್ದು, ಬಿಟ್ಟು ಹೋದ್ರೆ ರೂಟರ್, ಸರ್ವರ್, ಫೈರ್‌ವಾಲ್ ರೂಲು ಎಲ್ಲಾ ಮೊದಲಿಂದ ಬರೀಬೇಕು. ಹಾಗಾಗಿ ಆ 1,024 ಬಂದ ದಿನ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹೋದಷ್ಟೇ ಖುಷಿ. ರಾತ್ರಿ ಹನ್ನೊಂದಕ್ಕೆ ರೂಟರ್‌ನಲ್ಲಿ ಆ ವಿಳಾಸಗಳ ಗುಂಪನ್ನ, ಅಂದ್ರೆ ಬ್ಲಾಕ್ ಅನ್ನ, ಇದು ನಮ್ಮ ಹತ್ರ ಇದೆ ಅಂತ ಉಳಿದ ನೆಟ್‌ವರ್ಕ್‌ಗಳಿಗೆ ಅನೌನ್ಸ್ ಮಾಡಿ, ದೂರದ ಇನ್ಯಾವುದೋ ನೆಟ್‌ವರ್ಕ್‌ನ ಲುಕಿಂಗ್ ಗ್ಲಾಸ್‌ನಲ್ಲಿ (ಅವರಿಗೆ ಯಾವ ದಾರಿ ಕಾಣ್ತಿದೆ ಅಂತ ತೋರಿಸೋ ಪುಟ) ನಮ್ಮ ಎಎಸ್ ನಂಬರ್, ಅಂದ್ರೆ ನಮ್ಮ ನೆಟ್‌ವರ್ಕ್‌ನ ಗುರುತಿನ ಸಂಖ್ಯೆ, ಕಾಣೋವರೆಗೂ ಎದ್ದೇ ಇದ್ದೆ.

ಆಮೇಲೆ ತಲೇಲಿ ಒಂದು ಪ್ರಶ್ನೆ ಕೊರೀತಾ ಕೂತ್ಕೊಳ್ತು. ನಾವು ಕೇಳಿದ್ದು ಇದಕ್ಕಿಂತ ಜಾಸ್ತಿ, ಕೊಟ್ಟಿದ್ದು ಇಷ್ಟೇ, ಯಾಕೆ? ಐಪಿವಿ4, ಅಂದ್ರೆ ಈ ಹಳೇ ಮಾದರಿಯ ವಿಳಾಸ, ಖಾಲಿ ಆಯ್ತು ಅಂತ ಜಗತ್ತಿಗೇ ಗೊತ್ತಾಗಿ ಕೆಲವು ವರ್ಷ ಕಳೆದಿತ್ತಲ್ಲ, ಹಾಗಾದ್ರೆ ಇಷ್ಟಾದ್ರೂ ಉಳಿದಿದ್ದು ಹೇಗೆ? ಇದನ್ನ ಹುಡುಕ್ತಾ ಹೋಗಿದ್ದೇ ನಾನು ಈ ಅಡ್ರೆಸ್ ಪಾಲಿಸಿ ಲೋಕದ ಒಳಗೆ ಕಾಲಿಟ್ಟ ದಾರಿ. ಹೊರಗಡೆ ಬರೋಕೆ ಇನ್ನೂ ಮನಸ್ಸಾಗಿಲ್ಲ.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. ಐಪಿವಿ4 ವಿಳಾಸ ಅಂದ್ರೆ 32 ಬಿಟ್‌ನ ಒಂದು ಸಂಖ್ಯೆ, ಒಟ್ಟು ಇರೋದು ಸುಮಾರು 429 ಕೋಟಿ, ಭೂಮಿ ಮೇಲೆ ತಲೆಗೊಂದು ಕೊಡೋಕೂ ಸಾಲಲ್ಲ. ಮೊದಮೊದಲು ಯಾರಿಗೆ ಯಾವ ನಂಬರ್ ಅನ್ನೋ ಪಟ್ಟಿಯನ್ನ ಜಾನ್ ಪೋಸ್ಟೆಲ್ ಅನ್ನೋರು ನೋಡ್ಕೊಳ್ತಿದ್ರು. ನೆಟ್‌ವರ್ಕ್ ಬೆಳೀತಾ ಹೋದ ಹಾಗೆ ಆ ಕೆಲಸ ಒಂದೊಂದು ಪ್ರದೇಶಕ್ಕೆ ಒಂದೊಂದು ಸಂಸ್ಥೆ ಅಂತ ಹಂಚಿಹೋಯ್ತು: ಯುರೋಪ್ ಕಡೆ 1992ರಲ್ಲಿ ರೈಪ್ ಎನ್‌ಸಿಸಿ, ಮರುವರ್ಷ ಏಷ್ಯಾ ಪೆಸಿಫಿಕ್‌ಗೆ ಎಪಿನಿಕ್, 1997ರಲ್ಲಿ ಉತ್ತರ ಅಮೆರಿಕಕ್ಕೆ ಅರಿನ್, ಆಮೇಲೆ 2002ರಲ್ಲಿ ಲ್ಯಾಟಿನ್ ಅಮೆರಿಕದ ಲ್ಯಾಕ್‌ನಿಕ್, 2005ರಲ್ಲಿ ಆಫ್ರಿಕದ ಆಫ್ರಿನಿಕ್. ಇವು ಸರ್ಕಾರಿ ಇಲಾಖೆಗಳಲ್ಲ, ಲಾಭಕ್ಕೆ ನಡೆಯೋ ಕಂಪನಿಗಳೂ ಅಲ್ಲ. ವಿಳಾಸ ತಗೊಳ್ಳೋ ನೆಟ್‌ವರ್ಕ್‌ಗಳೇ ಮೆಂಬರ್ ಆಗಿ, ವರ್ಷಾವರ್ಷ ಫೀ ಕಟ್ಟಿ ನಡೆಸೋ ಸಂಘಗಳು. ನಿಯಮ ಮಾಡೋರೂ ಅವ್ರೇ, ಆ ನಿಯಮಕ್ಕೆ ತಲೆ ಬಾಗೋರೂ ಅವ್ರೇ.

ಕೇಳೋಕೆ ಚೆನ್ನಾಗಿದೆ, ಆದ್ರೆ ಸ್ವಲ್ಪ ಯೋಚನೆ ಮಾಡಿ. ಒಂದೇ ಮಾರ್ಕೆಟ್‌ನಲ್ಲಿ ಗಿರಾಕಿಗೋಸ್ಕರ ಬಡಿದಾಡೋ ಕಂಪನಿಗಳು ಒಂದು ಹಾಲ್‌ನಲ್ಲಿ ಕೂತು, ಮುಗಿದು ಹೋಗ್ತಿರೋ ಒಂದು ವಸ್ತುವನ್ನ ಹೇಗೆ ಹಂಚೋದು ಅಂತ ಮಾತಾಡ್ಕೊಂಡು ಒಪ್ಪಬೇಕು. ಉಂಡೋನೇ ಜಾಣ ಅನ್ನೋ ಹಾಗೆ ಆಗೋಕೆ ಎಲ್ಲಾ ಕಾರಣಾನೂ ಇತ್ತು. ಹಾಗೆ ಆಗ್ಲಿಲ್ಲ, ಅದೇ ನನಗೆ ಇವತ್ತಿಗೂ ದೊಡ್ಡ ವಿಷಯ.

2011ರ ಫೆಬ್ರವರಿ 3ರಂದು ಜಗತ್ತಿಗೆಲ್ಲ ಹಂಚೋ ಕೇಂದ್ರ ಪೂಲ್‌ನಲ್ಲಿ, ಅಂದ್ರೆ ಸಂಗ್ರಹದಲ್ಲಿ, ಉಳಿದಿದ್ದ ಕೊನೆಯ ಐದು ಸ್ಲ್ಯಾಶ್ 8 ಬ್ಲಾಕ್‌ಗಳನ್ನ ಐದು ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು ಮುಗಿಸಿದ್ರು. ಒಂದು ಸ್ಲ್ಯಾಶ್ 8 ಅಂದ್ರೆ 1,67,77,216 ವಿಳಾಸ. ಆಗ ಏಷ್ಯಾ ಪೆಸಿಫಿಕ್‌ನಲ್ಲಿ ಬೇಡಿಕೆ ಹೇಗಿತ್ತು ಅಂದ್ರೆ ಅದಾಗಿ ಹತ್ತೇ ವಾರದಲ್ಲಿ, ಏಪ್ರಿಲ್ 15ಕ್ಕೆ, ಎಪಿನಿಕ್ ಹತ್ರ ಆ ಕೊನೆಯ ಬ್ಲಾಕ್ ಬಿಟ್ರೆ ಬೇರೇನೂ ಇಲ್ಲದ ಹಾಗಾಯ್ತು. 103ರಿಂದ ಶುರುವಾಗೋ ವಿಳಾಸಗಳ ಬ್ಲಾಕ್ ಅದು. ಅದನ್ನೂ ಹಳೇ ರೀತೀಲೇ, ಅಗತ್ಯ ತೋರಿಸಿದವರಿಗೆ ಕೇಳಿದಷ್ಟು ಅಂತ ಕೊಡ್ತಾ ಹೋಗಿದ್ರೆ ದೊಡ್ಡ ದೊಡ್ಡ ಮೊಬೈಲ್ ಕಂಪನಿಗಳ ಬೆರಳೆಣಿಕೆಯಷ್ಟು ಅರ್ಜಿಗಳಲ್ಲೇ ಕತೆ ಮುಗೀತಿತ್ತು. ಆದ್ರೆ ಅಷ್ಟೊತ್ತಿಗಾಗ್ಲೇ, ಖಾಲಿಯಾಗೋಕೆ ಎಷ್ಟೋ ಮೊದಲೇ, ಆ ಸಮುದಾಯ ಕೂತು ಒಂದು ನಿಯಮ ಒಪ್ಕೊಂಡಿತ್ತು, ಪ್ರಾಪ್-062 ಅಂತ (ಪ್ರಾಪ್ ಅಂದ್ರೆ ಪ್ರಪೋಸಲ್). ಕೊನೆಯ ಬ್ಲಾಕ್‌ನಿಂದ ಯಾರೇ ಬರ್ಲಿ, ಎಷ್ಟೇ ದೊಡ್ಡವರಾಗ್ಲಿ, ಗರಿಷ್ಠ 1,024. ಅಷ್ಟೇ. ಭಾಗಿಸಿ ನೋಡಿದ್ರೆ 16,384 ಜನಕ್ಕೆ ಬರುತ್ತೆ.

ಆ ಲೆಕ್ಕವನ್ನ ಮೊದಲ ಸಲ ಒಂದು ಹಾಳೆ ಮೇಲೆ ಮಾಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ನಿಯಮಕ್ಕೆ ಹೂಂ ಅಂದವರು ಯಾರು? ಆಗಾಗ್ಲೇ ನೆಟ್‌ವರ್ಕ್ ಇದ್ದವರು, ಆಗಾಗ್ಲೇ ಮೆಂಬರ್ ಆಗಿದ್ದವರು. ಅದರಿಂದ ಹೆಚ್ಚು ಲಾಭ ಆಗಿದ್ದು ಯಾರಿಗೆ? ಆ ಹೊತ್ತಿಗೆ ಹುಟ್ಟೇ ಇರದಿದ್ದ ನೆಟ್‌ವರ್ಕ್‌ಗಳಿಗೆ, ನಮ್ಮಂಥವರಿಗೆ. ನಮ್ಮ ಪರವಾಗಿ ಮೈಕ್ ಹಿಡಿಯೋಕೆ ಅಲ್ಲಿ ನಾವು ಇರ್ಲಿಲ್ಲ, ಆದ್ರೂ ನಮ್ಮ ಪಾಲು ಎತ್ತಿಟ್ಟಿದ್ರು. ಇದರಲ್ಲಿ ಧರ್ಮಬುದ್ಧಿ ಮಾತ್ರ ಇತ್ತು ಅಂತ ನಾನು ಹೇಳಲ್ಲ, ಹೊಸಬರು ಬರೀ ಐಪಿವಿ6 (ಎಷ್ಟೋ ಹೆಚ್ಚು ವಿಳಾಸ ಇರೋ ಹೊಸ ಮಾದರಿ) ಇಟ್ಕೊಂಡು ಹಳೇ ಇಂಟರ್ನೆಟ್ ಜೊತೆ ಮಾತಾಡೋಕೆ ಆಗಲ್ಲ, ಅದಕ್ಕೆ ಒಂದಿಷ್ಟು ಐಪಿವಿ4 ಬೇಕೇ ಬೇಕು, ಹೊಸಬರು ಒಳಗೆ ಬರೋಕೆ ಆಗದಿದ್ರೆ ಇಡೀ ನೆಟ್‌ವರ್ಕ್ ಸೊರಗುತ್ತೆ ಅನ್ನೋ ವ್ಯಾವಹಾರಿಕ ತಿಳುವಳಿಕೆನೂ ಇತ್ತು. ಎರಡೂ ಸೇರಿದ್ದಕ್ಕೇ ಆ ನಿಯಮ ಗಟ್ಟಿಯಾಗಿ ನಿಂತಿದ್ದು ಅಂತ ನನ್ನ ನಂಬಿಕೆ. ಹಳೇ ರೀತೀಲಿ ವಾರಗಳಲ್ಲಿ ಕರಗಬೇಕಿದ್ದ ಬ್ಲಾಕ್ ಹತ್ತು ವರ್ಷಕ್ಕೂ ಮೀರಿ ಹೊಸಬರ ಕೈಗೆ ಸಿಗ್ತಾ ಬಂತು. 2019ರಲ್ಲಿ ಪ್ರಾಪ್-127 ಬಂದು ಆ ಮಿತಿಯನ್ನ 512ಕ್ಕೆ ಇಳಿಸ್ತು, ಅದೂ ಮುಂದೆ ಬರೋರಿಗೆ ಇನ್ನಷ್ಟು ಕಾಲ ಉಳೀಲಿ ಅಂತಾನೇ. ಅರಿನ್ ಬೇರೆ ದಾರಿ ಹಿಡೀತು, ಅಗತ್ಯ ತೋರಿಸಿದವರಿಗೆ ಕೊಡ್ತಾ ಹೋಗಿ 2015ರ ಸೆಪ್ಟೆಂಬರ್ 24ಕ್ಕೆ ಅವರ ಪೂಲ್ ಖಾಲಿಯಾಯ್ತು, ಆಮೇಲೆ ಬಂದವರಿಗೆ ವೇಟಿಂಗ್ ಲಿಸ್ಟ್. ಅದೂ ಅಲ್ಲಿನವರು ಕೂತು ಒಪ್ಪಿ ಮಾಡ್ಕೊಂಡ ನಿಯಮವೇ, ಅದನ್ನ ತಪ್ಪು ಅನ್ನೋಕೆ ಹೋಗಲ್ಲ. ಆದ್ರೆ ನನ್ನ ಮನಸ್ಸು ಯಾವ ಕಡೆ ಅಂತ ನಿಮಗೆ ಗೊತ್ತಾಗಿರುತ್ತೆ.

ಈಗ ಒಪ್ಪೋದು ಅಂದ್ರೆ ಏನು ಅನ್ನೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಹೊರಗಿನವರು ಎಡವೋದು ಇಲ್ಲೇ. ನಾನು ಮೊದಲ ಸಲ ಪಾಲಿಸಿ ಮೀಟಿಂಗ್‌ಗೆ ಹೋದಾಗ ಒಂದು ಪ್ರಪೋಸಲ್ ಬಂತು. ಚೇರ್, ಅಂದ್ರೆ ಸಭೆ ನಡೆಸೋರು, ಕೇಳಿದ್ರು, ಬೇಕು ಅನ್ನೋರು ಕೈ ಎತ್ತಿ ಅಂತ. ಕೈಗಳ ಕಾಡೇ ಎದ್ದಿತು. ಬೇಡ ಅನ್ನೋರು? ಮೂರು ಕೈ. ಮುಗೀತು, ಪಾಸ್ ಆಯ್ತು ಅಂದ್ಕೊಂಡು ನಾನು ಪೆನ್ನಿನ ಕ್ಯಾಪ್ ಹಾಕ್ತಿದ್ದೆ. ಚೇರ್ ಆ ಮೂರು ಜನರ ಕಡೆ ತಿರುಗಿ, ನಿಮ್ಮ ತೊಂದರೆ ಏನು ಮೈಕ್‌ಗೆ ಬಂದು ಹೇಳಿ ಅಂದ್ರು. ಇಬ್ಬರದ್ದು ಬರೀ ಇಷ್ಟ ಇಲ್ಲ ಅನ್ನೋ ಮಾತು. ಮೂರನೆಯವರು, ತೀರಾ ಮೆಲ್ಲಗೆ ಮಾತಾಡೋ ಒಬ್ಬ ಹಿರಿಯರು, ಕಾಗದ ಹಿಡ್ಕೊಂಡು ಬಂದು, ಈ ಎರಡನೇ ಪ್ಯಾರಾ ಪ್ರಕಾರ ನೆಟ್‌ವರ್ಕ್ ಎರಡು ಭಾಗವಾಗಿ ಮಾರಾಟ ಆದ್ರೆ ಗಿರಾಕಿಗಳ ವಿಳಾಸ ಯಾರ ಹೆಸರಲ್ಲಿ ಇರುತ್ತೆ ಅಂತ ಕೇಳಿದ್ರು. ಪ್ರಪೋಸಲ್ ಬರೆದವರ ಹತ್ರ ಉತ್ತರ ಇರ್ಲಿಲ್ಲ. ಹಾಲ್ ತಣ್ಣಗಾಯ್ತು. ಚೇರ್ ಹೇಳಿದ್ದು ಒಂದೇ ವಾಕ್ಯ, ಇದಕ್ಕೆ ಸಹಮತ ಇಲ್ಲ, ತಿದ್ದಿ ಮತ್ತೆ ತನ್ನಿ. ಅಷ್ಟೊಂದು ಕೈಗಳನ್ನ ಒಂದು ಪ್ರಶ್ನೆ ನಿಲ್ಲಿಸಿಬಿಡ್ತು, ಯಾಕಂದ್ರೆ ಆ ಪ್ರಶ್ನೆಗೆ ಉತ್ತರ ಇರ್ಲಿಲ್ಲ. ಉಳಿದಿಬ್ಬರ ಬೇಡ ಮಾತ್ರ ಇದ್ದಿದ್ರೆ ಬಹುಶಃ ಪ್ರಪೋಸಲ್ ಮುಂದೆ ಹೋಗ್ತಿತ್ತು.

ಈ ಪದ್ಧತಿಯ ಬೇರು ಇಂಟರ್ನೆಟ್ ಮಾನದಂಡ ಬರೆಯೋ ಐಇಟಿಎಫ್‌ನಲ್ಲಿದೆ. 1992ರಲ್ಲಿ ಇಂಟರ್ನೆಟ್ ಕಟ್ಟಿದ ಹಿರಿಯರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ ಅಲ್ಲಿ ರಾಜರೂ ಬೇಡ, ಅಧ್ಯಕ್ಷರೂ ಬೇಡ, ಮತದಾನವೂ ಬೇಡ, ಒರಟಾದ ಸಹಮತ ಮತ್ತು ಕೆಲಸ ಮಾಡೋ ಕೋಡ್ ಸಾಕು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅಲ್ಲಿ ಕೈ ಎತ್ತೋ ಬದಲು ಗಂಟಲಲ್ಲೇ ಹ್ಞೂಂ ಅಂತ ಗುನುಗೋ ಪದ್ಧತಿ ಇದೆ. ಅದರ ಹಿಂದಿನ ಯೋಚನೆಯನ್ನ 2014ರಲ್ಲಿ ಐಇಟಿಎಫ್ ಹೊರತಂದ ಆರ್‌ಎಫ್‌ಸಿ 7282 ಅನ್ನೋ ದಾಖಲೆ ಚೆನ್ನಾಗಿ ಬಿಡಿಸಿ ಹೇಳುತ್ತೆ: ಎಷ್ಟು ಜನ ಒಪ್ಪಿದ್ರು ಅನ್ನೋದಕ್ಕಿಂತ ಎತ್ತಿದ ಆಕ್ಷೇಪಕ್ಕೆ ಉತ್ತರ ಸಿಕ್ತಾ ಅನ್ನೋದು ಮುಖ್ಯ. ಅಂದ್ರೆ ಬೇಡ ಅಂದವರಿಗೆಲ್ಲ ವೀಟೋ ಇದೆ ಅಂತ ಅರ್ಥ ಅಲ್ಲ. ಅವರ ಮಾತನ್ನ ಪೂರ್ತಿ ಕೇಳಿ, ತೂಗಿ, ಉತ್ತರ ಕೊಟ್ಟಾದ್ಮೇಲೂ ಅವ್ರು ಬೇಡ ಅಂತಿದ್ರೆ ಮುಂದೆ ಹೋಗಬಹುದು.

ಇನ್ನೊಂದು ಗಮನಿಸಬೇಕಾದ್ದು, ಮೆಂಬರ್‌ಶಿಪ್ ಬೇರೆ, ಪಾಲಿಸಿ ಬೇರೆ. ಎಪಿನಿಕ್‌ನಲ್ಲಿ ಕಾರ್ಯಕಾರಿ ಸಮಿತಿ ಚುನಾವಣೆಗೆ ಮೆಂಬರ್‌ಗಳ ಓಟು ಅವರ ಗಾತ್ರದ ಮೇಲೆ ನಿಲ್ಲುತ್ತೆ, ತೀರಾ ಚಿಕ್ಕವರಿಗೆ ಒಂದು, ಅತಿ ದೊಡ್ಡವರಿಗೆ 64. ರೈಪ್ ಎನ್‌ಸಿಸಿಯಲ್ಲಿ ಮೆಂಬರ್‌ಗೆ ಒಂದೇ ಓಟು. ಆದ್ರೆ ಪಾಲಿಸಿ ಚರ್ಚೆಯ ಮೈಕ್ ಹತ್ರ ಈ ಗಾತ್ರ ಯಾವುದೂ ನಡೆಯಲ್ಲ, ಮೆಂಬರ್ ಅಲ್ಲದ ವಿದ್ಯಾರ್ಥಿ ಬಂದು ಮಾತಾಡಿದ್ರೂ ಕೇಳ್ಬೇಕು. ಎಪಿನಿಕ್‌ನಲ್ಲಿ ಪ್ರಪೋಸಲ್ ಅನ್ನ ಮೀಟಿಂಗ್‌ಗೆ ನಾಲ್ಕು ವಾರ ಮುಂಚೆ ಎಲ್ಲರ ಮುಂದೆ ಇಡಬೇಕು, ಬಹಿರಂಗ ಸಭೆಯಲ್ಲಿ ಸಹಮತ ಬರಬೇಕು, ಮೆಂಬರ್‌ಗಳ ಸಭೆಯಲ್ಲಿ ಅದು ಇನ್ನೊಂದು ಸಲ ಗಟ್ಟಿಯಾಗಬೇಕು, ಆಮೇಲೆ ಕೊನೆಯ ಆಕ್ಷೇಪಕ್ಕೆ ಮತ್ತೆ ಕೆಲವು ವಾರ, ಕೊನೆಗೆ ಸಮಿತಿ ಅನುಮೋದನೆ. ನಿಧಾನ, ಹೌದು. ಆದ್ರೆ ಈ ನಿಧಾನದಲ್ಲೇ ಚಿಕ್ಕವರಿಗೆ ಓದೋಕೆ, ಅರ್ಥ ಮಾಡ್ಕೊಳ್ಳೋಕೆ ಟೈಮ್ ಸಿಗೋದು.

ಅಷ್ಟೆಲ್ಲಾ ಆದ್ರೂ ತಪ್ಪಾಗುತ್ತೆ. 103ರ ಕತೆಯನ್ನೇ ಮುಂದುವರಿಸ್ತೀನಿ. ಕೊನೆಯ ಬ್ಲಾಕ್ ಹೊಸಬರಿಗೆ ಅಂತ ಇಟ್ಟಿದ್ರಲ್ಲ, ಅದ್ರಲ್ಲಿ ಕೆಲವರು ವಿಳಾಸ ತಗೊಂಡು ಸ್ವಲ್ಪ ದಿನದಲ್ಲೇ ಬೇರೆಯವರಿಗೆ ಟ್ರಾನ್ಸ್‌ಫರ್ ಮಾಡೋಕೆ ಶುರು ಮಾಡಿದ್ರು. ಅಷ್ಟೊತ್ತಿಗೆ ವಿಳಾಸಕ್ಕೆ ಬೆಲೆ ಬಂದಾಗಿತ್ತು, ದಿವಾಳಿಯಾಗಿದ್ದ ಟೆಲಿಕಾಂ ಕಂಪನಿ ನಾರ್ಟೆಲ್‌ನಿಂದ ಮೈಕ್ರೋಸಾಫ್ಟ್ 2011ರಲ್ಲೇ 6,66,624 ವಿಳಾಸಗಳನ್ನ 75 ಲಕ್ಷ ಡಾಲರ್‌ಗೆ ತಗೊಂಡಿತ್ತು, ವಿಳಾಸಕ್ಕೆ ಹನ್ನೊಂದು ಡಾಲರ್ ಚಿಲ್ಲರೆ. ಇನ್ನೂ ಬಾರದವರಿಗೆ ಇಟ್ಟ ಪಾಲನ್ನ ಮಾರ್ಕೆಟ್‌ಗೆ ಒಯ್ಯೋದನ್ನ ನೋಡ್ಕೊಂಡು ಸುಮ್ನಿರೋಕಾಗಲ್ಲ ಅಂತ 2017ರಲ್ಲಿ ಪ್ರಾಪ್-116 ಬಂತು, 103ರ ವಿಳಾಸ ಸಿಕ್ಕ ಐದು ವರ್ಷ ಟ್ರಾನ್ಸ್‌ಫರ್ ಮಾಡೋ ಹಾಗಿಲ್ಲ, ಕಂಪನಿ ವಿಲೀನ ಆದ್ರೆ ಮಾತ್ರ ವಿನಾಯಿತಿ. ಸಹಮತ ಆಯ್ತು, ಜಾರಿಯೂ ಆಯ್ತು. ಆದ್ರೆ ಆ ನಿಯಮ ಅದಕ್ಕೆ ಮೊದಲೇ ವಿಳಾಸ ತಗೊಂಡಿದ್ದವರ ಮೇಲೂ ಬಿತ್ತು. ಅವರು ತಗೊಂಡಾಗ ಅಂಥ ಷರತ್ತೇ ಇರ್ಲಿಲ್ಲವಲ್ಲ, ಆಟದ ಮಧ್ಯೆ ನಿಯಮ ಬದಲಾಯಿಸಿದ್ರೆ ಹೇಗೆ ಅನ್ನೋ ತಕರಾರು ಎದ್ದಿತು. ನ್ಯಾಯವಾದ ತಕರಾರೇ. ಮರುವರ್ಷ ಪ್ರಾಪ್-123 ಬಂದು, 2017ರ ಸೆಪ್ಟೆಂಬರ್ 14ಕ್ಕೆ ಮೊದಲು ಸಿಕ್ಕಿದ್ದಕ್ಕೆ ಈ ತಡೆ ಇಲ್ಲ ಅಂತ ತಿದ್ದಿತು. ಒಂದು ತಾರೀಕು ಸೇರಿಸೋಕೆ ಮತ್ತೆ ಅಷ್ಟೂ ಮೆಟ್ಟಿಲು ಹತ್ತಿದ್ರು, ಯಾರೂ ಆಫೀಸ್‌ನಲ್ಲಿ ಕೂತು ಗೀಟು ಎಳೆದು ತಿದ್ದಲಿಲ್ಲ. ಇದನ್ನ ಯಾಕೆ ಇಷ್ಟು ಉದ್ದ ಹೇಳ್ತಿದ್ದೀನಿ ಅಂದ್ರೆ, ತಾನೇ ಮಾಡಿದ ನಿಯಮ ಇನ್ನೊಬ್ಬರಿಗೆ ಅನ್ಯಾಯ ಮಾಡಿದಾಗ ತಾನೇ ವಾಪಸ್ ಬಂದು ತಿದ್ದೋ ಸಂಘಗಳನ್ನ ನಾನು ಜಾಸ್ತಿ ನೋಡಿಲ್ಲ.

ಒಪ್ಪಿಗೆ ಬಾರದ ವಿಷಯಗಳೂ ಇವೆ. ಇನ್ನೊಬ್ಬರ ವಿಳಾಸವನ್ನ ಬೇಕಂತಲೇ ತನ್ನದು ಅಂತ ಅನೌನ್ಸ್ ಮಾಡೋದು, ಅಂದ್ರೆ ಹೈಜಾಕ್, ಅದನ್ನ ಪಾಲಿಸಿ ಉಲ್ಲಂಘನೆ ಅಂತ ಘೋಷಿಸೋಣ ಅಂತ ರೈಪ್‌ನಲ್ಲಿ 2019-03 ಅನ್ನೋ ಪ್ರಪೋಸಲ್ ಬಂದಿತ್ತು. ಹೈಜಾಕ್ ಕೆಟ್ಟದ್ದು ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಬೇಕಂತ ಮಾಡಿದ್ದೋ ಕೈತಪ್ಪಿ ಆಗಿದ್ದೋ ಅಂತ ತೀರ್ಮಾನ ಮಾಡೋರು ಯಾರು, ವಿಳಾಸದ ಪಟ್ಟಿ ಇಡೋ ಸಂಸ್ಥೆ ನ್ಯಾಯಾಧೀಶ ಆಗಬೇಕಾ, ಅನ್ನೋ ಪ್ರಶ್ನೆ ದಾಟೋಕೆ ಆಗ್ಲಿಲ್ಲ, ಕೊನೆಗೆ ಪ್ರಪೋಸಲ್ ವಾಪಸ್ ತಗೊಂಡ್ರು. ಆಗ ನನಗೆ ಬೇಜಾರಾಗಿತ್ತು, ನಮ್ಮ ಬ್ಲಾಕ್‌ನ ಒಂದು ಭಾಗವನ್ನ ಯಾರೋ ಒಮ್ಮೆ ತಪ್ಪಾಗಿ ಅನೌನ್ಸ್ ಮಾಡಿ ಅರ್ಧ ದಿನ ಒದ್ದಾಡಿದ ನೆನಪಿತ್ತು. ಈಗ ಯೋಚನೆ ಮಾಡಿದ್ರೆ ಹಾಗಾಗಿದ್ದೇ ಸರಿ ಅನ್ಸುತ್ತೆ. ನಮಗೆ ತೊಂದರೆ ಕೊಟ್ಟವರೂ ಬರೀ ಒಂದು ಅಂಕಿ ತಪ್ಪು ಟೈಪ್ ಮಾಡಿದ್ರು ಅಷ್ಟೇ.

ಮೆಂಬರ್‌ಶಿಪ್ ಬೇರೆ, ಪಾಲಿಸಿ ಬೇರೆ ಅಂತ ಹೇಳಿದ್ನಲ್ಲ, ಆ ಪಾಲಿಸಿಯನ್ನ ಹೊತ್ತಿರೋ ಸಂಸ್ಥೆ ಅನ್ನೋ ಕಟ್ಟಡವೇ ಅಲುಗಾಡಿದ್ರೆ ಏನಾಗುತ್ತೆ ಅನ್ನೋದನ್ನ ಆಫ್ರಿನಿಕ್‌ನಲ್ಲಿ ನೋಡಿದ್ವಿ. ಒಬ್ಬ ಮೆಂಬರ್ ಜೊತೆಗಿನ ವ್ಯಾಜ್ಯ ಕೋರ್ಟ್ ಹತ್ತಿ 2021ರಲ್ಲಿ ಬ್ಯಾಂಕ್ ಖಾತೆಗಳೇ ಕೆಲಕಾಲ ಸ್ಥಗಿತ ಆದ್ವು, ಆಮೇಲೆ ಬೋರ್ಡ್‌ಗೆ ಕೋರಂ ಇಲ್ಲದ ಹಾಗಾಯ್ತು, 2023ರಲ್ಲಿ ಕೋರ್ಟ್ ಸಂಸ್ಥೆ ನೋಡ್ಕೊಳ್ಳೋಕೆ ಒಬ್ಬ ರಿಸೀವರ್‌ನ ನೇಮಿಸ್ತು, 2025ರ ಜೂನ್‌ನಲ್ಲಿ ನಡೆದ ಚುನಾವಣೆ ರದ್ದಾಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ನಡೆದ ಮೇಲೆ ಹೊಸ ಬೋರ್ಡ್ ಬಂತು. ಅಷ್ಟು ವರ್ಷ ಅಲ್ಲಿನ ಎಂಜಿನಿಯರ್‌ಗಳು ಕೂತು ಕಟ್ಟಿದ ಸಹಮತಕ್ಕೆಲ್ಲ ನೆಲವೇ ಇಲ್ಲದ ಹಾಗಾಗಿತ್ತು. ಮೆಂಬರ್ ಫೀ ಕಟ್ಟಿ ಸುಮ್ನಾಗೋರು, ಓಟು ಹಾಕೋ ಮೇಲ್ ಬಂದ್ರೆ ಡಿಲೀಟ್ ಮಾಡೋರು ನಮ್ಮಲ್ಲೂ ಬಹಳ ಜನ. ಅವರನ್ನ ಕಂಡಾಗೆಲ್ಲ ನನಗೆ ಈ ಕತೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟ.

ಇತ್ತೀಚಿನ ವರ್ಷಗಳಲ್ಲಿ ನನ್ನ ಕೆಲಸದ ಬಹುಪಾಲು ಮೀಟಿಂಗ್‌ಗೆ ಮೊದಲೇ ಆಗುತ್ತೆ. ನಾವು ಸಣ್ಣ ದೊಡ್ಡ ಆಪರೇಟರ್‌ಗಳು ಸೇರ್ಕೊಂಡಿರೋ ಒಂದು ಒಕ್ಕೂಟ ಇದೆ, ಅಲ್ಲಿ ಒಂದು ಪ್ರಪೋಸಲ್ ಬಗ್ಗೆ ನಮ್ಮೆಲ್ಲರದ್ದು ಅಂತ ಒಂದು ನಿಲುವು ಮಾಡೋ ಜವಾಬ್ದಾರಿ ನನ್ನ ಮೇಲೆ ಬಿತ್ತು. ಒಂದು ಕಡೆ ಹಳೇ ಕಾಲದಲ್ಲಿ ಬೇಕಾದಷ್ಟು ವಿಳಾಸ ತಗೊಂಡು ಕೂತವರು, ಇನ್ನೊಂದು ಕಡೆ 512ರಲ್ಲಿ ಜೀವ ಹಿಡ್ಕೊಂಡವರು. ಮೊದಲ ಸಭೆಯಲ್ಲಿ ಚಿಕ್ಕವರು ಯಾರೂ ಬಾಯಿ ಬಿಡ್ಲಿಲ್ಲ. ಒಪ್ಪಿದ್ದಾರೆ ಅಂತ ದೊಡ್ಡವರು ಬರ್ಕೊಂಡ್ರು. ಆಮೇಲೆ ನಾನು ಒಬ್ಬೊಬ್ಬರಿಗೇ ಫೋನ್ ಮಾಡಿದಾಗ ಗೊತ್ತಾಯ್ತು, ಅರ್ಧ ಜನಕ್ಕೆ ಆ ಇಂಗ್ಲಿಷ್ ಡಾಕ್ಯುಮೆಂಟ್ ಅರ್ಥವೇ ಆಗಿರ್ಲಿಲ್ಲ, ಕೇಳೋಕೆ ಮುಜುಗರ, ಇನ್ನು ಕೆಲವರ ಅಪ್‌ಸ್ಟ್ರೀಮ್, ಅಂದ್ರೆ ಮೇಲಿನ ಪ್ರೊವೈಡರ್, ಅದೇ ದೊಡ್ಡವರು, ಅವರ ಎದುರು ಬೇಡ ಅನ್ನೋಕೆ ಧೈರ್ಯ ಇಲ್ಲ. ಮೌನ ಸಮ್ಮತಿ ಅಂತಾರೆ, ಈ ಕೆಲಸದಲ್ಲಿ ಆ ಮಾತನ್ನ ನಂಬಿದ್ರೆ ಕೆಟ್ಟ ಹಾಗೆ. ಅದಕ್ಕೆ ಪ್ರಪೋಸಲ್ ಅನ್ನ ಸಾಲುಸಾಲಾಗಿ ನಮ್ಮ ಮಾತಲ್ಲಿ ಬರೆದು, ಪ್ರತಿ ಸಾಲಿನ ಕೆಳಗೆ ಇದು ಜಾರಿ ಆದ್ರೆ ನಾಳೆ ಬೆಳಿಗ್ಗೆ ನಿಮ್ಮ ನೆಟ್‌ವರ್ಕ್‌ನಲ್ಲಿ ಏನು ಬದಲಾಗುತ್ತೆ ಅಂತ ಬರೆದು ಕಳಿಸ್ದೆ. ಆಗ ಶುರುವಾಯ್ತು ನಿಜವಾದ ಜಗಳ. ನನಗೆ ಸಮಾಧಾನ ಆಗಿದ್ದೂ ಆಗಲೇ.

ನಾಲ್ಕು ತಿಂಗಳು ಹಿಡೀತು. ಕೊನೆಗೆ ಒಕ್ಕೂಟದ ನಿಲುವು ಅಂತ ಉಳಿದಿದ್ದು ಎರಡೇ ವಾಕ್ಯ. ಅಷ್ಟಕ್ಕೆ ಇಷ್ಟು ಓಡಾಟನಾ ಅಂತ ನನ್ನ ಜೊತೆಯವರು ಕೇಳಿದ್ರು. ಆ ಎರಡು ವಾಕ್ಯದಲ್ಲಿ ಒಂದೊಂದು ಪದದ ಹಿಂದೂ ಯಾರದ್ದೋ ಒಂದು ರಾತ್ರಿಯ ಫೋನ್ ಕರೆ ಇತ್ತು. ಮೊದಲಿಂದ ಕಡೇತನಕ ವಿರೋಧ ಮಾಡಿದ ಒಬ್ಬರು, ದೊಡ್ಡ ನೆಟ್‌ವರ್ಕ್‌ನವರು, ಕೊನೆಯ ಸಭೆಯಲ್ಲಿ ಎದ್ದು, "ನನಗೆ ಇದು ಈಗ್ಲೂ ಇಷ್ಟ ಇಲ್ಲ. ಆದ್ರೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೀರಿ, ಅಡ್ಡ ಬರಲ್ಲ" ಅಂದು ಕೂತ್ರು. ಆ ಮಾತನ್ನ ನಾನು ಡೈರಿಯಲ್ಲಿ ಹಾಗೇ ಬರೆದಿಟ್ಟಿದ್ದೀನಿ.

ಹೋದ ತಿಂಗಳು ಹೊಸದಾಗಿ ನೆಟ್‌ವರ್ಕ್ ಶುರು ಮಾಡಿದ ಒಬ್ಬ ಹುಡುಗ ಫೋನ್ ಮಾಡಿದ್ದ. "ಸರ್, 512 ಅಷ್ಟೇನಾ? ಇದ್ರಲ್ಲಿ ಏನ್ ಮಾಡೋದು?" ಅಂತ ಅವನ ದನಿಯಲ್ಲಿ ಸಿಟ್ಟೇ ಇತ್ತು. ಐಪಿವಿ6 ಮೊದಲು ಎಬ್ಬಿಸು, ಈ 512 ಬರೀ ಹಳೇ ಕಡೆಗೆ ಸೇತುವೆ ಅಂತ ಲೆಕ್ಕ ಹಾಕ್ಕೋ ಅಂತ ಹೇಳಿ, ಆ 512 ಅವನಿಗೆ ಉಳಿದಿದ್ದು ಹೇಗೆ ಅನ್ನೋದನ್ನೂ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, ಇದನ್ನ 256 ಮಾಡೋಣ ಅಂತ ಯಾರಾದ್ರೂ ಬಂದ್ರೆ ಏನ್ ಮಾಡ್ತೀರಿ ಸರ್ ಅಂತ ಕೇಳ್ದ. ಒಳ್ಳೇ ಪ್ರಶ್ನೆ. ಅವನು ಬೇಕು ಅಂತಾನೋ ಬೇಡ ಅಂತಾನೋ ನನಗೆ ಗೊತ್ತಿಲ್ಲ, ಮುಂದಿನ ಮೀಟಿಂಗ್‌ನ ತಾರೀಕು ಕಳಿಸಿದ್ದೀನಿ, ಬರ್ತೀನಿ ಅಂದಿದ್ದಾನೆ.